ಎರಡನೆಯ ಸಾಕ್ಷಿ

ನಮ್ಮ ಮನೆಯಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಕಷ್ಟವಿತ್ತು. ಖರೆ ಹೇಳಿ ದಕ್ಕಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ಡಬ್ಬಿಯೊಳಗಿನ ಬೆಲ್ಲದ ತುಣುಕೊಂದು ಕಾಣೆಯಾದರೂ ಸಾಕು, ಅಪ್ಪ ಪಡಸಾಲೆಯ ಗೂಡಿನಿಂದ ಸತ್ಯವೇದ ಇಳಿಸಿ, ಸುತ್ತಿದ ಕೆಂಪು ವಸ್ತ್ರ ಬಿಚ್ಚಿ, ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಅಪ್ಪ ನಮ್ಮ ಕೇರಿಯ ಸಭೆಗೆ ಉಪದೇಶಿ. ಲಿಂಗಸುಗೂರಿನಿಂದ ಪಾದ್ರಿ ಅಯ್ಯನವರು ತಿಂಗಳಿಗೊಮ್ಮೆ ಬಂದು ಪ್ರಭುಭೋಜನ ಕೊಟ್ಟು ಹೋಗುತ್ತಿದ್ದರು. ಉಳಿದ ಭಾನುವಾರಗಳ ಪ್ರಾರ್ಥನೆ, ಹುಟ್ಟಿದವರಿಗೆ ಹೆಸರು ಹುಡುಕುವುದು, ಸತ್ತವರನ್ನು ಮಣ್ಣು ಮಾಡುವುದು, ಗಂಡ ಹೆಂಡಿರ ಜಗಳ ಬಿಡಿಸುವುದು, ಎಲ್ಲವೂ ಅಪ್ಪನ ಪಾಲಿನದು. ಗುಡಿಯೆಂದು ಬೇರೆ ಇರಲಿಲ್ಲ, ನಮ್ಮ ಪಡಸಾಲೆಯೇ ಗುಡಿ. ಶನಿವಾರ ಸಂಜೆ ಅವ್ವ ಜೋಳದ ಚೀಲಗಳನ್ನು ಒಳಗೆ ಎಳೆದು, ಕೋಳಿಗಳನ್ನು ಬೈದು ಓಡಿಸಿ, ನೆಲ ಸಾರಿಸಿದರೆ ಮನೆ ಗುಡಿಯಾಗುತ್ತಿತ್ತು. ಭಾನುವಾರ ಮಧ್ಯಾಹ್ನ ಚೀಲಗಳು ಹೊರಗೆ ಬಂದು ಕೋಳಿಗಳು ಒಳಗೆ ಬಂದರೆ ಗುಡಿ ಮತ್ತೆ ಮನೆಯಾಗುತ್ತಿತ್ತು. ಪಡಸಾಲೆಯ ಹಿಂದೆ ಒಂದೇ ಕೋಣೆ. ಒಲೆ, ಕೊಡಗಳು, ಕೌದಿಗಳ ಗಂಟು, ನಾವು ಮಲಗುವ ಜಾಗ, ಎಲ್ಲ ಅದರಲ್ಲೇ. ತುರ್ವಿಹಾಳದ ಬಸ್ಸು ಸಿಂಧನೂರಿನ ಕಡೆ ಹೋಗುವಾಗ ಎಬ್ಬಿಸುತ್ತಿದ್ದ ಧೂಳು ನೇರವಾಗಿ ನಮ್ಮ ಬಾಗಿಲಿಗೇ ಬರುತ್ತಿತ್ತು.

ಅಪ್ಪನ ನ್ಯಾಯಕ್ಕೆ ಒಂದೇ ಕಟ್ಟಳೆ. ಯಾರ ಮೇಲಾದರೂ ದೂರು ಹೇಳಿದರೆ, ಕಂಡವರು ಇಬ್ಬರಿರಬೇಕು. ಒಬ್ಬರ ಮಾತಿನ ಮೇಲೆ ಯಾರನ್ನೂ ತಪ್ಪಿತಸ್ಥರೆನ್ನಬಾರದೆಂದು ದೇವರ ವಾಕ್ಯದಲ್ಲಿದೆ, ಮೋಶೆಯೂ ಅದನ್ನೇ ಹೇಳಿದ, ಪ್ರಭುವೂ ಅದನ್ನೇ ಹೇಳಿದ, ಇನ್ನು ನೀನು ಯಾವ ದೊಡ್ಡ ಮನುಷ್ಯಳು ಎಂದು ಕೇಳುತ್ತಿದ್ದ. ಆಣೆ ಪ್ರಮಾಣ ನಡೆಯುತ್ತಿರಲಿಲ್ಲ. ಊರೊಳಗಿನವರು ಹನುಮಪ್ಪನ ಗುಡಿಯಲ್ಲಿ ದೀಪ ಆರಿಸಿ ಆಣೆ ಮಾಡುತ್ತಿದ್ದರು. ನಮ್ಮದು ಹೌದಾದರೆ ಹೌದು, ಅಲ್ಲವಾದರೆ ಅಲ್ಲ. ಒಮ್ಮೆ ಅಕ್ಕ ಬೆಲ್ಲ ತಿಂದಳೆಂದು ನಾನು ದೂರು ಕೊಟ್ಟೆ.

"ಯಾರ್ ಯಾರು ನೋಡೀರಿ?"

"ನಾ ನೋಡೀನಿ."

"ಮತ್ತ ಯಾರು?"

"ಹುಂಜ ನೋಡೈತಿ."

"ಸತ್ಯವೇದದಾಗ ಪೇತ್ರನ ಹುಂಜ ಕೂಗಿತ್ತು. ನಮ್ಮ ಹುಂಜ ಏನಂತೈತಿ ಕೇಳ್ಕೊಂಡು ಬಾ, ಹೋಗು."

ಅವ್ವ ಒಲೆಯ ಮುಂದೆ ಕುಳಿತು ನಕ್ಕಳು. ಬೆಲ್ಲ ತಿಂದದ್ದು ತಾನೇ ಎಂದು ಅಕ್ಕನೇ ಮುಂದೆ ಬಂದು ಒಪ್ಪಿಕೊಂಡಳು. ನಮ್ಮ ಶಾಂತಕ್ಕನ ರೋಗವೇ ಅದು. ಅವಳು ನನಗಿಂತ ಬಹಳ ದೊಡ್ಡವಳು, ಭಾನುವಾರ ಪಾಠ ಓದುತ್ತಿದ್ದವಳು. ಸುಳ್ಳು ಹೇಳಲು ಹೋದರೆ ಅವಳಿಗೆ ಮೊದಲು ತನಗೇ ನಗು ಬರುತ್ತಿತ್ತು. ಅಪ್ಪ ಅವಳ ಬಗ್ಗೆ ಸಭೆಯ ಮುಂದೆಯೇ ಹೇಳುತ್ತಿದ್ದ, ನಮ್ಮ ಶಾಂತಾ ಒಬ್ಬಾಕಿನೇ ಇಬ್ಬರು ಸಾಕ್ಷಿಗೆ ಸಮ ಎಂದು. ಅವಳಿಗೆ ಇದು ಹೆಮ್ಮೆ, ನನಗೆ ಹೊಟ್ಟೆಕಿಚ್ಚು.

ಈ ಇಬ್ಬರು ಸಾಕ್ಷಿಗಳ ಹುಚ್ಚು ಅಪ್ಪನಿಗೆ ಪುಸ್ತಕದಿಂದ ಹತ್ತಿದ್ದಲ್ಲ. ಅವನು ಹುಡುಗನಿದ್ದಾಗ ಅವನ ಅಪ್ಪನನ್ನು ಚಾವಡಿಯ ಕಂಬಕ್ಕೆ ಕಟ್ಟಿ ಹೊಡೆದಿದ್ದರು. ದಣಿಯ ಕೊಟ್ಟಿಗೆಯಿಂದ ಎತ್ತಿನ ಹಗ್ಗ ಕದ್ದನೆಂದು ಒಬ್ಬನೇ ಒಬ್ಬ ಹೇಳಿದ್ದ, ಅಷ್ಟು ಸಾಕಾಯಿತು. ಹಗ್ಗ ಆಮೇಲೆ ದಣಿಯ ಗಾಡಿಯಲ್ಲೇ ಸಿಕ್ಕಿತಂತೆ. ಕಂಬ ಬಿಟ್ಟು ಬಂದ ತಾತ ಮತ್ತೆ ನೆಟ್ಟಗೆ ನಡೆಯಲಿಲ್ಲ. ಅಪ್ಪ ಅಕ್ಷರ ಕಲಿತು ಸತ್ಯವೇದ ತೆರೆದಾಗ ಈ ನ್ಯಾಯ ಅವನ ಕಣ್ಣಿಗೆ ಬಿತ್ತು: ಒಬ್ಬನ ಬಾಯಿಮಾತಿಗೆ ಯಾರನ್ನೂ ಕಂಬಕ್ಕೆ ಕಟ್ಟುವಂತಿಲ್ಲ. ಇಂಥ ಮಾತನ್ನು ಬರೆದಿಟ್ಟ ದೇವರು ಒಬ್ಬನಿದ್ದಾನಲ್ಲ ಎಂದು ಅವನು ಅತ್ತನಂತೆ. ಅಪ್ಪ ಕ್ರಿಸ್ತನನ್ನು ಹಿಡಿದದ್ದು ಶಿಲುಬೆಯ ಕಥೆಗಿಂತ ಹೆಚ್ಚಾಗಿ ಈ ಒಂದು ಮಾತಿಗೆ ಎಂದು ನನಗೆ ಈಗ ಅನ್ನಿಸುತ್ತದೆ. ಆದ್ದರಿಂದಲೇ ಅವನನ್ನು ಸುಮ್ಮನೆ ಬೈದು ಮುಗಿಸಲು ನನಗೆ ಆಗುವುದಿಲ್ಲ. ಬೈಯಬೇಕೆಂದು ಬಹಳ ಸಲ ಕುಳಿತಿದ್ದೇನೆ.

ಅವ್ವನ ದಾರಿ ಬೇರೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಮದುವೆಯಾಗಿ ಬಂದ ಮೇಲೆ ದೀಕ್ಷಾಸ್ನಾನ ಪಡೆದವಳು. ಯಾರು ಖರೆ ಯಾರು ಸುಳ್ಳು ಎಂದು ತಿಳಿಯಬೇಕಾದರೆ ಉಣ್ಣಲು ಕೂಡಿಸಬೇಕು ಎನ್ನುತ್ತಿದ್ದಳು. ಸುಳ್ಳು ಹೇಳಿದವರ ಗಂಟಲಲ್ಲಿ ರೊಟ್ಟಿ ಇಳಿಯುವುದಿಲ್ಲ, ನೀರು ಕೇಳುತ್ತಾರೆ. ಅಪ್ಪ ಇದನ್ನು ಕೇಳಿ, ಹಂಗಾದ್ರ ನಿನ್ನ ಒಣ ರೊಟ್ಟಿ ಉಂಡವರೆಲ್ಲ ಸುಳ್ಳರೇ ಬಿಡು ಎಂದು ಕಿಚಾಯಿಸುತ್ತಿದ್ದ. ಆದರೂ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಸಭೆಯ ಯಾವುದೇ ಜಗಳ ಫೈಸಲಾ ಆದ ಮೇಲೆ ಎರಡೂ ಕಡೆಯವರು ಉಪದೇಶಿಯ ಮನೆಯಲ್ಲಿ ಒಂದೇ ಪಾತ್ರೆಯಿಂದ ಉಣ್ಣಬೇಕು. ಉಂಡೆದ್ದರೆ ಜಗಳ ಮುಗಿದಂತೆ, ಮತ್ತೆ ಬಾಯಿ ತೆಗೆಯುವಂತಿಲ್ಲ. ಅಡುಗೆ ಅವ್ವನದು. ನಮ್ಮ ಜೋಳವೆಲ್ಲ ಊರವರ ಜಗಳಕ್ಕೇ ಸವೆಯಿತು ಎಂದು ಗೊಣಗುತ್ತಲೇ ಬಡಿಸುತ್ತಿದ್ದಳು.

ಆಮೇಲೆ ಕಾಲುವೆ ಬಂತು. ಕಾಲುವೆ ಬಂತೆಂದರೆ ಮೊದಲು ನೀರು ಬರಲಿಲ್ಲ, ಮಂದಿ ಬಂದರು. ಊರ ಮುಂದಿನ ಜೋಳದ ಹೊಲದಲ್ಲಿ ತಗಡಿನ ಶೆಡ್ಡುಗಳು ಎದ್ದವು, ಚಹಾದ ಅಂಗಡಿ ಎದ್ದಿತು, ಸಿಮೆಂಟಿನ ಗೋದಾಮು ಎದ್ದಿತು. ಅದಕ್ಕೆ ಎಲ್ಲರೂ ಕ್ಯಾಂಪ್ ಎಂದರು. ನಮ್ಮ ಕೇರಿಗೆ ಕೇರಿಯೇ ಮಣ್ಣು ಹೊರಲು ಹೋಯಿತು. ದಣಿಗಳ ಮನೆಯ ಮುಂದೆ ಕೈಚಾಚದೆ ಕೂಲಿ ಸಿಗುವುದು ನಮ್ಮವರಿಗೆ ಅದೇ ಮೊದಲು, ಮತ್ತು ಆ ಕೂಲಿ ಕೊಡುವವನು ನಮ್ಮವನೇ ಆಗಿದ್ದ. ದಾವೀದಪ್ಪ ಮೇಸ್ತ್ರಿ ಮಸ್ಕಿ ಕಡೆಯವನು; ಡ್ಯಾಮಿನ ಕೆಲಸದಲ್ಲಿ ಕಲ್ಲು ಕಟ್ಟುವುದು ಕಲಿತು, ತೆಲುಗು ಕಲಿತು, ಅಚ್ಚ ಬಿಳಿ ಅಂಗಿ ತೊಡುವುದನ್ನೂ ಕಲಿತು ಬಂದಿದ್ದ. ಅಪ್ಪನಿಗೆ ಅಯ್ಯಗಾರೂ ಎನ್ನುತ್ತಿದ್ದ. ಮೊದಲ ಭಾನುವಾರವೇ ಸಭೆಗೆ ಬಂದು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದ. ವರ್ಷ ತುಂಬುವುದರೊಳಗೆ ಅವನನ್ನು ಸಭೆಯ ಹಿರಿಯನನ್ನಾಗಿ ಮಾಡಿದರು. ಕಾಣಿಕೆ ತಟ್ಟೆ ಹಿಡಿಯುವ ಕೆಲಸ ಅವನಿಗೆ ಸಿಕ್ಕಿತು. ಇಪ್ಪತ್ತು ದಾಟಿದ ಶಾಂತಕ್ಕನೂ ಕೇರಿಯ ಹೆಂಗಸರ ಜೊತೆ ಬುಟ್ಟಿ ಹೊರಲು ಹೋಗುತ್ತಿದ್ದಳು.

ಆ ದಿನ ಬಿಸಿಲು ನೆತ್ತಿಗೇರಿತ್ತು. ಅಪ್ಪ ಪಡಸಾಲೆಯಲ್ಲಿ ಊಟಕ್ಕೆ ಕುಳಿತಿದ್ದ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಿಸಿ ರೊಟ್ಟಿ ಒಯ್ದು ಅಪ್ಪನ ತಟ್ಟೆಗೆ ಹಾಕುವುದು ನನ್ನ ಕೆಲಸ. ಅಪ್ಪ ಉಂಡು ಕೈ ತೊಳೆಯುವ ಹೊತ್ತಿಗೆ ಅಕ್ಕ ಬಂದಳು. ಕೆಲಸ ಬಿಡುವ ಹೊತ್ತಾಗಿರಲಿಲ್ಲ. ತಲೆಗೂದಲಿಗೆಲ್ಲ ಸಿಮೆಂಟಿನ ಹುಡಿ ಹತ್ತಿತ್ತು. ಒಂದು ಕೈಯಲ್ಲಿ ಬಳೆಗಳಿರಲಿಲ್ಲ. ಅಪ್ಪನನ್ನು ದಾಟಿ ಒಳಗೆ ಬಂದು ಒಲೆಯ ಹತ್ತಿರ ಕುಳಿತಳು.

"ದಾವೀದಪ್ಪ ಮೇಸ್ತ್ರಿ ಖಾಲಿ ಚೀಲ ತೆಗಿ ಬಾ ಅಂತ ಗೋದಾಮಿಗಿ ಕರದ, ಅವ್ವಾ. ಬಾಗಿಲಾ ಹಾಕಿದ."

ಅಷ್ಟನ್ನು ನಾನು ಕೇಳಿದೆ. ಉಳಿದದ್ದನ್ನು ಅವಳು ಅವ್ವನ ಕಿವಿಯಲ್ಲಿ ಹೇಳಿದಳು. ಅವ್ವ ಹಿಟ್ಟಿನ ಕೈಯಲ್ಲೇ ಅವಳ ತಲೆಯನ್ನು ಎದೆಗೆ ಒತ್ತಿ ಹಿಡಿದಳು, ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು, ಯಾರೂ ತೆಗೆಯಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವನು ಕೂಗಾಡುತ್ತಾನೆ, ಕೊಡಲಿ ಹಿಡಿದು ಕ್ಯಾಂಪಿಗೆ ಓಡುತ್ತಾನೆ ಎಂದು ನಾನು ಕಾದೆ. ಕೊನೆಗೆ ಬಾಯಿಂದ ಬಂದದ್ದು ಇಷ್ಟೇ.

"ಯಾರರ ನೋಡ್ಯಾರೇನು?"

ಅಕ್ಕ ತಲೆಯೆತ್ತಿ ಅವನನ್ನು ನೋಡಿದಳು.

"ನೀನೇ ಅಂತಿದ್ದಿ ಅಪ್ಪಾ. ನಾ ಒಬ್ಬಾಕಿನೇ ಇಬ್ಬರಿಗಿ ಸಮ ಅಂತ."

"ಅದು ಮನಿ ಮಾತು, ಮಗಳೇ. ಇದು ಸಭಾದ ಮಾತು."

ಪೊಲೀಸರ ಹೆಸರನ್ನು ಯಾರೂ ಎತ್ತಲಿಲ್ಲ. ನಮ್ಮ ಕೇರಿಯವರು ಸಿಂಧನೂರಿನ ಠಾಣೆ ನೋಡುತ್ತಿದ್ದದ್ದು ಎಳೆದುಕೊಂಡು ಹೋದಾಗ ಮಾತ್ರ. ನ್ಯಾಯ ಆಗುವುದಿದ್ದರೆ ನಮ್ಮ ಪಡಸಾಲೆಯಲ್ಲೇ ಆಗಬೇಕಿತ್ತು. ಅಕ್ಕ ಬೇರೆ ಏನನ್ನೂ ಕೇಳಲಿಲ್ಲ. ಆಗಿದ್ದು ಆಗಿದೆ ಎಂದು ಅಪ್ಪ ಎಲ್ಲರ ಮುಂದೆ ಹೇಳಲಿ, ಆ ಮನುಷ್ಯ ಕಾಣಿಕೆ ತಟ್ಟೆ ಹಿಡಿದು ನನ್ನ ಮುಂದೆ ಬರದಿರಲಿ, ಅಷ್ಟೇ ಎಂದಳು.

ಆ ವಾರವೆಲ್ಲ ಅಪ್ಪ ಸತ್ಯವೇದ ಬಿಟ್ಟು ಏಳಲಿಲ್ಲ. ಹೊಲಕ್ಕೆ ಹೋಗಲಿಲ್ಲ, ಅವ್ವ ಇಟ್ಟ ತಟ್ಟೆ ಹಾಗೇ ಇರುತ್ತಿತ್ತು. ಅಕ್ಕನ ಮುಖ ನೋಡಲಾಗದೆ ಪುಸ್ತಕದೊಳಗೆ ಅಡಗಿ ಕುಳಿತಿದ್ದಾನೆ ಎಂದು ಅವ್ವ ಬೈದಳು. ಶುಕ್ರವಾರ ಅವನು ಪುಸ್ತಕವನ್ನು ಎತ್ತಿಕೊಂಡು ಅಡುಗೆ ಕೋಣೆಗೇ ಬಂದುಬಿಟ್ಟ. ಹೊಗೆ ಹತ್ತುತ್ತದೆಂದು ಅದನ್ನು ಎಂದೂ ಒಳಗೆ ತಂದವನಲ್ಲ. ಅವನ ಮುಖ ಅರಳಿತ್ತು. ಮೋಶೆಯ ನ್ಯಾಯದಲ್ಲಿ ಒಂದು ಕಡೆ ದಾರಿಯಿದೆ ಎಂದ. ಹೆಣ್ಣಿನ ಮೇಲೆ ಊರೊಳಗೆ ಯಾರಾದರೂ ಕೈಮಾಡಿದರೆ, ಅವಳು ಕೂಗಿದಳೇ ಎಂದು ಕೇಳಬೇಕು, ಯಾಕೆಂದರೆ ಊರಲ್ಲಿ ಕೂಗಿದರೆ ಕೇಳುವವರು ಇರುತ್ತಾರೆ. ಹೊಲದಲ್ಲಿ ಆದರೆ ಹಾಗೆ ಕೇಳುವಂತಿಲ್ಲ. ಹೊಲದಲ್ಲಿ ಕೂಗಿದರೂ ಬಂದು ಬಿಡಿಸುವವರಿಲ್ಲ. ಅವಳ ಮಾತೊಂದೇ ಸಾಕು, ಅವಳ ಮೇಲೆ ತಪ್ಪಿಲ್ಲ.

"ಹೊಲ, ಶಾಂತಾ! ಕ್ಯಾಂಪ್ ಇರೋದು ಹೊಲದಾಗ! ಹೋದ ವರ್ಷ ಅಲ್ಲಿ ಜ್ವಾಳ ಇತ್ತು!"

ಅವನು ಮಗುವಿನಂತೆ ನಗುತ್ತಿದ್ದ. ದೇವರು ತನ್ನ ಮಗಳಿಗಾಗಿ ಸಾವಿರಾರು ವರ್ಷದ ಹಿಂದೆಯೇ ಒಂದು ಕಿಂಡಿ ಬಿಟ್ಟಿದ್ದಾನೆಂದು ಅವನಿಗೆ ಖಾತ್ರಿಯಾಗಿತ್ತು. ಅಕ್ಕನೂ ಆ ದಿನ ಒಂದು ರೊಟ್ಟಿ ತಿಂದಳು. ನಾನಂತೂ ಭಾನುವಾರ ಬರಲೆಂದು ಹಾರೈಸುತ್ತಿದ್ದೆ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಹೆಂಗಸರನ್ನು ಗೋಡೆಯ ಕಡೆ ಸರಿಸಿ ಹಿರಿಯರು ಚಾಪೆಯ ಮೇಲೆ ಕುಳಿತರು. ಲಿಂಗಸುಗೂರಿನ ಅಯ್ಯನವರಿಗೆ ಹೇಳಿ ಕಳಿಸಿದ್ದರೂ ಬಂದಿರಲಿಲ್ಲ, ಕಾಲುವೆಗಾಗಿ ದಾರಿ ಕಡಿದಿದ್ದಾರೆಂದು ತಿಳಿಸಿದ್ದರು. ಹಿರಿಯರಲ್ಲಿ ಎಲ್ಲರಿಗಿಂತ ವಯಸ್ಸಾದವನು ಸಾಮಣ್ಣ. ಅವನ ಇಬ್ಬರು ಗಂಡುಮಕ್ಕಳೂ ಮೇಸ್ತ್ರಿಯ ಕೈಕೆಳಗೆ ಇದ್ದರು. ಆ ಚಾಪೆಯ ಮೇಲೆ ಮೇಸ್ತ್ರಿಯ ಕೂಲಿ ಉಣ್ಣದ ಮನೆಯವನು ಅಪ್ಪನೂ ಸೇರಿ ಒಬ್ಬನೂ ಇರಲಿಲ್ಲ. ದಾವೀದಪ್ಪ ಬಿಳಿ ಅಂಗಿ ಹಾಕಿ ಸತ್ಯವೇದಕ್ಕೆ ಹತ್ತಿರವೇ ಕುಳಿತಿದ್ದ.

"ಅಯ್ಯಗಾರೂ, ನಾ ಆ ಹುಡುಗಿನ್ನ ಮುಟ್ಟಿಲ್ಲ. ಆದ್ರೂ ವಾಕ್ಯ ಏನ್ ಹೇಳ್ತೈತಿ ಅದಕ್ಕ ತಲಿ ಬಾಗ್ತೀನಿ."

ಅಪ್ಪ ಹೊಲದ ನ್ಯಾಯವನ್ನು ಓದಿದ. ಓದುವಾಗ ಅವನ ದನಿ ಗಟ್ಟಿಯಾಗಿತ್ತು. ಸಾಮಣ್ಣ ಕಣ್ಣು ಮುಚ್ಚಿ ಕೇಳಿ, ಸ್ವಲ್ಪ ಹೊತ್ತು ತಲೆ ತುರಿಸಿಕೊಂಡ.

"ಉಪದೇಶಿಗಳೇ, ಕ್ಯಾಂಪ್ ಹೊಲ ಹ್ಯಾಂಗಾಕ್ಕೈತ್ರಿ? ಅಷ್ಟು ಮಂದಿ ಅದಾರ, ಚಾದ ಅಂಗಡಿ ಐತಿ. ಮೊನ್ನೆ ಟಪಾಲಿನವ ಸುದ್ದಾ ಬಂದಿದ್ದ."

"ಹೋದ ವರ್ಷ ಅಲ್ಲಿ ಜ್ವಾಳ ಬೆಳದಿದ್ರು, ಸಾಮಣ್ಣ."

"ಈ ವರ್ಷ ಬೆಳದಾರೇನ್ರಿ?"

ಇನ್ನೊಬ್ಬ ಹಿರಿಯ, ಊರೆಂದರೆ ಗೋಡೆ ಇರಬೇಕು, ಸತ್ಯವೇದದ ಯೆರಿಕೋ ಪಟ್ಟಣಕ್ಕೆ ಗೋಡೆ ಇತ್ತು ಎಂದ. ಮತ್ತೊಬ್ಬ, ತಗಡೂ ಗೋಡೆಯೇ ಅಲ್ಲವೇ ಎಂದ. ದೊಡ್ಡ ದೊಡ್ಡ ಗಂಡಸರು ಕುಳಿತು ಕ್ಯಾಂಪು ಊರೋ ಹೊಲವೋ ಎಂದು ವಾದಿಸಿದರು. ಅಕ್ಕ ಗೋಡೆಗೆ ಒರಗಿ ತನ್ನ ಬರಿಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತಿದ್ದಳು. ನನಗೆ ಇಂದಿಗೂ ಮೈ ಉರಿಯುವುದು ಇದಕ್ಕೆ: ಆ ಗಂಡಸರು ಯಾರೂ ನಾಟಕ ಮಾಡುತ್ತಿರಲಿಲ್ಲ. ಅಪ್ಪನ ಹಾಗೆಯೇ ಅವರೂ ವಾಕ್ಯವನ್ನು ಮನಸಾರೆ ನಂಬಿ ಮಾತಾಡುತ್ತಿದ್ದರು. ಕಡೆಗೆ ಊರು ಎಂದೇ ಆಯಿತು. ಊರು ಎಂದಾದ ಮೇಲೆ ಮುಂದಿನ ಪ್ರಶ್ನೆ ತಾನಾಗಿ ಬಂತು.

"ಒದರಿದಿ ಏನವ್ವಾ?" ಸಾಮಣ್ಣ ಅಕ್ಕನನ್ನು ಕೇಳಿದ.

"ಒದರೀನಿ."

"ಯಾರಿಗೂ ಕೇಳಿಲ್ಲಲ್ಲ?"

"ಪಂಪ್ ನಡದಿತ್ರಿ. ಕಾಲುವಿ ತಗ್ಗಿನ್ಯಾಗ ಬಸಿಯೋ ನೀರು ತೆಗಿಯೋ ಪಂಪು. ಗೋದಾಮಿನ ಬಾಜೂಕ ಐತಿ."

"ವಾಕ್ಯದಾಗ ಪಂಪಿನ ಮಾತಿಲ್ಲ, ತಾಯಿ."

"ಮೋಶೆಯ ಕಾಲಕ್ಕ ಪಂಪ್ ಇದ್ದಿಲ್ಲ ಸಾಮಣ್ಣ," ಎಂದ ಅಪ್ಪ. ಬಹಳ ಮೆತ್ತಗೆ ಅಂದ. ಹಾಗಾದರೆ ಸಾಕ್ಷಿ ಬೇಕಾಗುತ್ತದೆ, ಇಬ್ಬರು ಬೇಕು, ನೀವೇ ನಮಗೆ ಕಲಿಸಿದ್ದು ಎಂದು ಸಾಮಣ್ಣ ಕೈಮುಗಿದ.

ಆಗ ಅವ್ವ ಎದ್ದಳು. ಸಭೆಯಲ್ಲಿ ಅವಳು ಅದುವರೆಗೆ ಹಾಡು ಬಿಟ್ಟು ಬೇರೆ ಬಾಯಿ ತೆರೆದಿರಲಿಲ್ಲ. ಒಳಬಾಗಿಲಿನಿಂದ ನಾಲ್ಕು ಹೆಜ್ಜೆ ಮುಂದೆ ಬಂದು, ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತಳು.

"ನಾ ನೋಡೀನಿ. ಮಗಳಿಗಿ ಬುತ್ತಿ ಕೊಡಾಕ ಹೋಗಿದ್ದೆ. ಗೋದಾಮಿನ ಸಂದ್ಯಾಗ ನಾ ಕಣ್ಣಾರ ನೋಡೀನಿ."

ದಾವೀದಪ್ಪನ ಮುಖ ಬಿಳಿಚಿಕೊಂಡಿತು. ಅವನ ಕಣ್ಣು ಬಾಗಿಲ ಕಡೆ ಹೋಯಿತು, ಕೈ ಅಂಗಿಯ ಗುಂಡಿಯ ಮೇಲೆ ಹೋಯಿತು. ಏನೂ ಮಾಡದವನು ಅವ್ವನ ಸುಳ್ಳಿಗೆ ಸಿಟ್ಟಾಗುತ್ತಿದ್ದ, ಇವನು ಹೆದರಿದ. ನಾನು ನೋಡಿದೆ, ಸಾಮಣ್ಣ ನೋಡಿದ, ಎಲ್ಲರೂ ನೋಡಿದರು. ಪಡಸಾಲೆಯಲ್ಲಿ ಒಂದು ಗಳಿಗೆ ಎಲ್ಲವೂ ಬದಲಾಗಿತ್ತು. ಅಪ್ಪ ಸುಮ್ಮನಿದ್ದರೆ ಸಾಕಿತ್ತು. ಅವನು ಸುಳ್ಳು ಹೇಳಬೇಕಾಗಿರಲಿಲ್ಲ, ಉಸಿರು ಬಿಗಿಹಿಡಿದು ತನ್ನ ಪುಸ್ತಕ ನೋಡುತ್ತ ಕುಳಿತಿದ್ದರೆ ಆಗುತ್ತಿತ್ತು.

"ಶಾಂತನ ಅವ್ವಾ," ಎಂದ ಅಪ್ಪ. "ಇದು ದೇವರ ಮುಂದಿನ ಮಾತು. ಹೌದಾದ್ರ ಹೌದನ್ನು. ಅಲ್ಲಾದ್ರ ಅಲ್ಲನ್ನು."

"ಹೌದು."

ಅವ್ವ ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ಅವಳು ಅವನನ್ನು ಹಾಗೆ ಬೇಡಿಕೊಂಡದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. ಅಪ್ಪ ಸತ್ಯವೇದ ಮುಚ್ಚಿದ. ಅದರ ಮೇಲೆ ಎರಡೂ ಕೈ ಇಟ್ಟ.

"ಅಲ್ಲ. ಆ ಹೊತ್ತಿಗಿ ಇಕಿ ಮನ್ಯಾಗ ಇದ್ದಳು. ರೊಟ್ಟಿ ಬಡಿಯಾಕತ್ತಿದ್ದಳು. ನಾ ಉಣ್ಣಾಕತ್ತಿದ್ದೆ."

ಸಾಮಣ್ಣನಿಗೆ ಅದೂ ಸಾಲಲಿಲ್ಲ. ಕಟ್ಟಳೆ ಎಂದರೆ ಕಟ್ಟಳೆ. ಇದಕ್ಕೂ ಇನ್ನೊಬ್ಬರು ಬೇಕಲ್ಲ ಎಂದು ಸುತ್ತ ನೋಡಿದ. ಅಪ್ಪ ನನ್ನ ಕಡೆ ತಿರುಗಿದ.

"ಸುಂದ್ರೀ, ಅವತ್ತು ನನಗ ರೊಟ್ಟಿ ತಂದು ಹಾಕಿದಾಕಿ ನೀನಲ್ಲೇನು? ಬಡಿದವರು ಯಾರು?"

"ಅವ್ವ," ಎಂದೆ ನಾನು.

ನಮ್ಮ ಮನೆಯಲ್ಲಿ ಹುಂಜದ ಸಾಕ್ಷಿ ಹಿಡಿದು ಓಡಾಡುತ್ತಿದ್ದವಳ ಮಾತು ಅಂದು ಮೊದಲ ಸಲ ದಕ್ಕಿತು. ಅದನ್ನು ತಪ್ಪು ಎಂದು ನಾನು ಒಪ್ಪಿಕೊಳ್ಳುವುದಿಲ್ಲ. ಎಷ್ಟೋ ಜನ, ನನ್ನ ಗಂಡನೂ ಸೇರಿ, ನೀನು ಸಣ್ಣವಳಿದ್ದಿ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಸಮಾಧಾನ ಹೇಳಲು ಬಂದಿದ್ದಾರೆ. ಸಮಾಧಾನ ಯಾಕೆ ಬೇಕು? ನಾನು ಕಲಿತದ್ದನ್ನೇ ಹೇಳಿದೆ. ಖರೆ ಹೇಳಿದೆ. ಅಪ್ಪನೂ ಖರೆ ಹೇಳಿದ, ಅಕ್ಕನೂ ಖರೆ ಹೇಳಿದಳು. ನಮ್ಮ ಮನೆಯವರಲ್ಲಿ ಅಂದು ಸುಳ್ಳು ಹೇಳಿದವಳು ಅವ್ವ ಒಬ್ಬಳೇ, ಮತ್ತು ಅಕ್ಕನ ಕೈ ಹಿಡಿದವಳೂ ಅವಳೊಬ್ಬಳೇ. ಅಂದಿನಿಂದ ಯಾರಾದರೂ ಖರೆ ಎಂದು ಬಾಯಿ ತೆರೆದರೆ ನನಗೆ ಮೊದಲು ಭಯವಾಗುತ್ತದೆ.

ಫೈಸಲಾ ಬೇಗ ಆಯಿತು. ಒಂದು ಸಾಕ್ಷಿ ಸುಳ್ಳಾದ ಮೇಲೆ ದೂರೇ ಸುಳ್ಳು ಎಂದರು. ಅವ್ವನನ್ನು ಪ್ರಭುಭೋಜನದಿಂದ ಹೊರಗಿಟ್ಟರು. ಅಕ್ಕ ಮೇಸ್ತ್ರಿಯ ಕ್ಷಮೆ ಕೇಳಬೇಕೆಂದರು. ಅವಳು ಕೇಳಲಿಲ್ಲ, ಅವಳನ್ನೂ ಹೊರಗಿಟ್ಟರು. ಅದನ್ನು ನಿಂತು ಓದಿ ಹೇಳಬೇಕಾದವನು ಉಪದೇಶಿ, ಅಪ್ಪ ಓದಿ ಹೇಳಿದ. ಹೋಗ್ಲಿ ಬಿಡ್ರಿ, ನಮ್ಮ ಮಕ್ಕಳಿದ್ದಂಗ ಎಂದು ದಾವೀದಪ್ಪ ದೊಡ್ಡ ಮನಸ್ಸು ತೋರಿಸಿದ. ಆಮೇಲೆ ಪದ್ಧತಿಯ ಪ್ರಕಾರ ಊಟ. ಅದೇ ಪಡಸಾಲೆಯಲ್ಲಿ, ಅದೇ ಚಾಪೆಯ ಮೇಲೆ ಅವನು ಕುಳಿತ. ಅವ್ವ ಬಡಿಸಿದಳು. ರೊಟ್ಟಿ ಹಾಕಿ, ಪುಂಡಿಪಲ್ಯ ಹಾಕಿ, ಅಲ್ಲೇ ನಿಂತು ಅವನ ಗಂಟಲನ್ನೇ ನೋಡಿದಳು. ಅವನು ಚೆನ್ನಾಗಿ ಉಂಡ. ನೀರು ಕೇಳಲಿಲ್ಲ. ಇನ್ನೊಂದು ರೊಟ್ಟಿ ಹಾಕವ್ವಾ ಎಂದ, ಅವಳು ಹಾಕಿದಳು. ಅಂದಿನ ನಂತರ ಯಾರು ಹೇಗೆ ಉಣ್ಣುತ್ತಾರೆಂದು ಅವ್ವ ನೋಡುವುದನ್ನೂ ಬಿಟ್ಟಳು. ಅಪ್ಪ ಮಾತ್ರ ತನ್ನ ತಟ್ಟೆಯ ಮುಂದೆ ಕೈ ಕಟ್ಟಿ ಕುಳಿತಿದ್ದ.

ಅಕ್ಕ ಲಿಂಗಸುಗೂರಿಗೆ ಹೋದಳು. ಅಲ್ಲಿನ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆಯವಳಾದಳು. ಅವಳನ್ನು ಕೇಳಿಕೊಂಡು ಯಾವ ಗಂಡೂ ಬರಲಿಲ್ಲ, ಅವಳೂ ಕಾಯಲಿಲ್ಲ. ಅವ್ವ ವರ್ಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿ ಬರುತ್ತಿದ್ದಳು. ಕಾಲುವೆಯಲ್ಲಿ ನೀರು ಬಂತು. ಗೊರೇಬಾಳದ ಕಡೆಯಿಂದ ನಮ್ಮ ತನಕ ಜೋಳ ಹೋಗಿ ಭತ್ತ ಬಂತು, ನಮ್ಮ ತಟ್ಟೆಗೂ ಅನ್ನ ಬಂತು. ಕ್ಯಾಂಪಿನ ಶೆಡ್ಡುಗಳು ಕಿತ್ತುಹೋದವು, ಆ ಜಾಗ ಮತ್ತೆ ಹೊಲವಾಯಿತು, ಆ ಹೊಲವನ್ನು ದಾವೀದಪ್ಪನೇ ಕೊಂಡ. ಕೇರಿಯ ಹೆಂಗಸರು ಈಗ ಬುಟ್ಟಿ ಹೊರುವ ಬದಲು ಅವನ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದರು. ಅಪ್ಪ ಅಕ್ಕನ ಹೆಸರನ್ನು ಎತ್ತುತ್ತಿರಲಿಲ್ಲ. ಅವ್ವ ಅವನೊಂದಿಗೆ ಉಪ್ಪು ಬೇಕೇ ಸಾರು ಬೇಕೇ ಎನ್ನುವಷ್ಟೇ ಮಾತಾಡುತ್ತಿದ್ದಳು.

ಒಂದು ಸುಗ್ಗಿಯಲ್ಲಿ ಮಾರ್ತಾ ನಮ್ಮ ಹಿತ್ತಲಿಗೆ ಬಂದು ಅವ್ವನ ಮುಂದೆ ಅತ್ತಳು. ಮಾರ್ತಾ ನಾಲ್ಕು ಮನೆ ಆಚೆಯವಳು, ನನಗಿಂತ ದೊಡ್ಡವಳು, ಮದುವೆ ಗೊತ್ತಾಗಿದ್ದವಳು. ದಾವೀದಪ್ಪನ ಕಣದಲ್ಲಿ ಭತ್ತ ತೂರಲು ಹೋಗಿದ್ದಳು. ಅವ್ವ ಅಪ್ಪನನ್ನು ಕರೆದಳು, ಅಪ್ಪ ಕೇಳಿದ, ಅವಳು ಅವನಿಗೂ ಹೇಳಿದಳು. ಮರುದಿನ ಬೆಳಿಗ್ಗೆ ಅಪ್ಪ ಕ್ಷೌರ ಮಾಡಿಸಿಕೊಂಡು, ಒಗೆದ ಧೋತರ ಉಟ್ಟು, ನನ್ನನ್ನು ಜೊತೆಗೆ ಕರೆದುಕೊಂಡು ಮಸ್ಕಿಯ ಮೇಲೆ ಹಾದು ಲಿಂಗಸುಗೂರಿಗೆ ಹೊರಟ. ಅಕ್ಕ ಹಾಸ್ಟೆಲಿನ ಹಿಂದೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಇಷ್ಟು ವರ್ಷದ ಮೇಲೆ ಅಪ್ಪನನ್ನು ಕಂಡು ಎದ್ದು ನಿಂತಳು.

"ಶಾಂತಾ, ಇನ್ನೊಂದು ಸಾಕ್ಷಿ ಸಿಕ್ಕೈತಿ! ನೀ ಒಬ್ಬಾಕಿ, ಆಕಿ ಒಬ್ಬಾಕಿ. ಇಬ್ಬರಾದ್ರಿ. ಈಗ ವಾಕ್ಯ ನಿನ್ನ ಕಡಿ ಐತಿ, ಮಗಳೇ."

"ಯಾರು?"

"ಮಾರ್ತಾ."

ಅಕ್ಕ ಅವನ ಮುಖ ನೋಡಿದಳು.

"ನೀ ನಗಾಕತ್ತೀ ಅಪ್ಪಾ."

ಅಪ್ಪನಿಗೆ ತಾನು ನಗುತ್ತಿದ್ದದ್ದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನು ಬಾಯಿ ಮುಚ್ಚಿಕೊಂಡ.

"ಅವತ್ತು ನೀ ನನ್ನ ನಂಬಿದ್ರ," ಎಂದಳು ಅಕ್ಕ, "ಆ ಹುಡುಗಿ ಇವತ್ತು ನಿನಗ ಸಾಕ್ಷಿ ಆಗತಿದ್ದಿಲ್ಲ."

"ನಂಬಿದ್ದೆ. ನೀ ಒಲಿ ಮುಂದ ಕುಂತಾಗಽ ನಂಬಿದ್ದೆ, ಶಾಂತಾ."

ಅಕ್ಕ ಕೈ ತೊಳೆದುಕೊಂಡು, ವಾರ್ಡನ್ನಿಗೆ ಹೇಳಿ, ಸೀರೆ ಬದಲಿಸಿ ನಮ್ಮ ಜೊತೆ ಹೊರಟಳು. ನಿನಗಾಗಿ ಅಲ್ಲ, ಮಾರ್ತಾಗಾಗಿ ಬರುತ್ತೇನೆ ಎಂದು ಬಸ್ಸಿನಲ್ಲಿ ನನಗೆ ಹೇಳಿದಳು, ಅಪ್ಪನಿಗೆ ಹೇಳಲಿಲ್ಲ. ಊರಿನಲ್ಲಿ ಇಳಿದು ಮನೆಗೆ ಹೋಗದೆ ನೆಟ್ಟಗೆ ಮಾರ್ತಾಳ ಮನೆಗೆ ನಡೆದೆವು. ಮಾರ್ತಾಳ ಅವ್ವ ಬಾಗಿಲಿಗೆ ಅಡ್ಡ ನಿಂತಳು. ಅವಳ ಬೆನ್ನ ಹಿಂದೆ ಕತ್ತಲಲ್ಲಿ ಮಾರ್ತಾ ಮೊಣಕಾಲಲ್ಲಿ ಮುಖವಿಟ್ಟು ಕುಳಿತಿದ್ದು ಕಾಣುತ್ತಿತ್ತು.

"ನಮ್ಮ ಹುಡುಗಿ ಏನೂ ಹೇಳಿಲ್ರಿ."

"ನಿನ್ನೆ ನನ್ನ ಮುಂದ ಹೇಳ್ಯಾಳ ತಾಯಿ," ಎಂದ ಅಪ್ಪ. "ಹೆದರಬ್ಯಾಡ್ರಿ. ನಮ್ಮ ಶಾಂತಾನೂ ಬಂದಾಳ. ಇಬ್ಬರ ಮಾತು ಒಂದಾದ್ರ ಯಾರೂ ಸುಳ್ಳು ಅನ್ನಂಗಿಲ್ಲ. ನಿಮ್ಮ ಮಗಳನ್ನ ನಂಬ್ತಾರ."

ಮಾರ್ತಾಳ ಅವ್ವ ಅಪ್ಪನ ಮುಖ ಬಿಟ್ಟು ಅಕ್ಕನ ಮುಖ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನಿಮ್ಮ ಶಾಂತವ್ವ ಖರೆ ಹೇಳಿದ್ಳು ಅಂತ ಇಡೀ ಕೇರಿಗೆ ಅವತ್ತಽ ಗೊತ್ತಿತ್ರಿ, ಉಪದೇಶಿಗಳೇ. ಯಾರಿಗಿ ಗೊತ್ತಿದ್ದಿಲ್ಲ? ಅದಕ್ಕಽ ನಮ್ಮ ಹುಡುಗಿ ಬಾಯಿ ಬಿಡಂಗಿಲ್ಲ."

ಅಕ್ಕ ಅವಳನ್ನು ದಾಟಿ ಒಳಗೆ ಹೋದಳು. ಮಾರ್ತಾಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು, ಅವಳ ತಲೆಯ ಮೇಲೆ ಕೈಯಿಟ್ಟು, ಏನನ್ನೂ ಕೇಳದೆ ಎದ್ದು ಬಂದಳು. ಸಂಜೆಯ ಬಸ್ಸು ಹಿಡಿದು ಲಿಂಗಸುಗೂರಿಗೆ ಹೋದಳು. ಅವ್ವ ಅನ್ನಕ್ಕಿಟ್ಟು ದಾರಿ ಕಾಯುತ್ತಿದ್ದಳು, ಅವಳು ಮನೆಯೊಳಗೆ ಬರಲಿಲ್ಲ. ಭಾನುವಾರ ಅಪ್ಪ ಎಂದಿನಂತೆ ಪ್ರಾರ್ಥನೆ ಮಾಡಿಸಿದ. ಮಾರ್ತಾ ತನ್ನ ಅವ್ವನ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಹಾಡು ಶುರುವಾದಾಗ ದಾವೀದಪ್ಪ ಕಾಣಿಕೆ ತಟ್ಟೆ ಹಿಡಿದು ಸಾಲಿನುದ್ದಕ್ಕೂ ಬಂದ. ಮಾರ್ತಾ ಹಾಕಿದಳು. ಅವಳ ಹಿಂದೆ ಕುಳಿತಿದ್ದ ನಾನೂ ಹಾಕಿದೆ.